ಎಂಟುನೂರು ಸಲ ಸತ್ತವನು

– ಹನ್ನೊಂದನೇ ರೀಲಿಗೇ ಹೀರೋನ ಮುಗಿಸಿಬಿಟ್ಟನಲ್ಲೇ! ಇನ್ನೂ ಮೂರೂವರೆ ರೀಲು ಬಾಕಿ ಇದೆ. ಅಷ್ಟು ಹೊತ್ತು ಏನು ತೋರಿಸ್ತಾನೆ ಇವನು, ತಿಥಿ ಊಟವಾ?

– ಲ್ಯಾಪ್‌ಟಾಪಿನಲ್ಲಿ ರೀಲು ಎಲ್ಲಿಂದ ಬಂತು ಮಾವ?

– ಅಭ್ಯಾಸ ಎಲ್ಲಿಗೆ ಹೋಗತ್ತೆ. 160 ನಿಮಿಷದ ಸಿನಿಮಾ ಅಂದೆಯಲ್ಲ. ಫಿಲ್ಮು ಓಡೋದು ನಿಮಿಷಕ್ಕೆ 90 ಅಡಿ. ಸಾವಿರ ಅಡಿ ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ಒಟ್ಟು ಹದಿನಾಲ್ಕೂವರೆ ರೀಲು ಆಯ್ತು. ಅವನು ಕುರ್ಚಿ ಹತ್ತಿದಾಗ ಗಡಿಯಾರ ನೋಡಿದೆ, ಶುರುವಾಗಿ ಹತ್ತಿರಹತ್ತಿರ ಎರಡು ಗಂಟೆ. ನಮ್ಮ ಟಾಕೀಸಿನಲ್ಲಾಗಿದ್ದರೆ ಆ ಗುಂಡಿನ ಸದ್ದು ಕೇಳಿದ ಕೂಡಲೇ ಗಾಂಧಿಕ್ಲಾಸಿನವರು ಕತ್ತಲಲ್ಲೇ ಕಾಲಾಡಿಸಿ ಚಪ್ಪಲಿ ಹುಡುಕೋಕೆ ಶುರು ಮಾಡ್ತಿದ್ದರು, ಸೈಕಲ್ ಸ್ಟ್ಯಾಂಡಿಗೆ ಮೊದಲು ಓಡಬೇಕಲ್ಲ.

– ನಾನು ಇದನ್ನ ಹೊತ್ತುಕೊಂಡು ಬಂದಿದ್ದೇ ಅದಕ್ಕೆ. ಚಿತ್ರಕತೆ ಕ್ಲಾಸಿನಲ್ಲಿ ಇದರ ಕಥಾಹಂದರ ಬಿಡಿಸಿ ಬರೆದುಕೊಂಡು ಬನ್ನಿ ಅಂದಿದ್ದಾರೆ. ಮೂರು ಅಂಕ ಮಾಡಿ ಅಂತಾರೆ. ನಾನು ಮೂರು ಸಲ ಪಟ್ಟಿ ಹಾಕಿದೆ, ಮೂರು ಸಲ ಹರಿದು ಹಾಕಿದೆ.

– ಮೊದಲು ಹೆಸರು ಇನ್ನೊಂದು ಸಲ ಹೇಳು. ಗೋಡೆ ಮೇಲೆ ಬರೆಯೋನಿಗೆ ಸುಣ್ಣ ಸಾಲದು ಅನ್ನೋ ಹಾಗಿತ್ತು.

– ‘ದಿ ಅಸಾಸಿನೇಷನ್ ಆಫ್ ಜೆಸ್ಸಿ ಜೇಮ್ಸ್ ಬೈ ದಿ ಕವರ್ಡ್ ರಾಬರ್ಟ್ ಫೋರ್ಡ್’. ಹೇಡಿ ರಾಬರ್ಟ್ ಫೋರ್ಡ್ ಮಾಡಿದ ಜೆಸ್ಸಿ ಜೇಮ್ಸ್ ಹತ್ಯೆ. 2007ರದು, ಆಂಡ್ರೂ ಡಾಮಿನಿಕ್ ನಿರ್ದೇಶನ. ರಾನ್ ಹ್ಯಾನ್ಸನ್ 1983ರಲ್ಲಿ ಇದೇ ಹೆಸರಿನ ಕಾದಂಬರಿ ಬರೆದಿದ್ದ, ಅದರ ಮೇಲೆ ಮಾಡಿದ್ದು. ಈ ಹೆಸರು ಮೊಟಕು ಮಾಡಕೂಡದು ಅಂತ ಬ್ರಾಡ್ ಪಿಟ್ ಕರಾರಿನಲ್ಲೇ ಬರೆಸಿಕೊಂಡಿದ್ದನಂತೆ.

– ಇದೇನೂ ಹೊಸದಲ್ಲ ಬಿಡು. ‘ಕೀಚಕವಧೆ’ ಅಂತ ಊರೆಲ್ಲ ಸಾರಿ ಆಟ ಕಟ್ಟಲ್ಲವಾ ನಾವು? ಕೀಚಕ ಉಳಿದುಕೊಳ್ತಾನೇನೋ ಅಂತ ಯಾವ ಮುದುಕಿಯೂ ಚಾಪೆ ಹಾಸಿ ಕೂರಲ್ಲ. ಯಾವಾಗ, ಹೇಗೆ ಅಂತ ನೋಡೋಕೆ ಕೂರ್ತಾಳೆ.

– ಆದರೆ ‘ಹೇಡಿ ಭೀಮ ಮಾಡಿದ ಕೀಚಕವಧೆ’ ಅಂತ ಯಾರೂ ಸಾರಲ್ಲ ಮಾವ.

– ಅದೂ ನಿಜವೇ!

– ಇಲ್ಲಿ ಹೆಸರಲ್ಲೇ ತೀರ್ಪು ಬಂದುಬಿಟ್ಟಿದೆ. ಅದು ಸಿನಿಮಾದವರು ಕೊಟ್ಟ ತೀರ್ಪಲ್ಲ, ಹಾಡು ಕೊಟ್ಟಿದ್ದು. ಜೆಸ್ಸಿ ಸತ್ತ ಬೆನ್ನಿಗೇ ಅಮೆರಿಕದಲ್ಲಿ ಅವನ ಮೇಲೊಂದು ಲಾವಣಿ ಹುಟ್ಟಿಕೊಳ್ತು. ಫೋರ್ಡ್‌ನಿಗೆ ಹೇಡಿ ಅನ್ನೋ ಬಿರುದು ಗಟ್ಟಿಯಾಗಿ ಅಂಟಿದ್ದು ಅದರಿಂದ. ಈ ಸಿನಿಮಾ ತೀರ್ಪನ್ನ ಮೊದಲು ಓದಿಬಿಟ್ಟು ಆಮೇಲೆ ಸಾಕ್ಷಿ ಕರೆಸತ್ತೆ.

– ಹಿಡಿದುಕೊಟ್ಟವರನ್ನ ಹಾಡು ಬಿಡಲ್ಲ ಕಣೇ. ಸಂಗೊಳ್ಳಿ ರಾಯಣ್ಣನ ಲಾವಣಿ ಹಾಡೋರನ್ನ ಕೇಳಿದೀಯಾ? ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಮೋಸದಿಂದ ಹಿಡಿದರು ಅನ್ನೋ ಕಡೆ ಬಂದಾಗ ದನಿಯೇ ಬದಲಾಗತ್ತೆ. ಇವನೂ ಹಾಗೇ ಅಲ್ಲವಾ, ಬರಿಗೈಲಿ ಇದ್ದಾಗ ಹೊಡೆದಿದ್ದು.

– ಬರಿಗೈ ಅನ್ನೋದು ಒಂದೇ. ಉಳಿದಿದ್ದಕ್ಕೆ ಒಂದೇ ತಕ್ಕಡಿ ಬೇಡ ಮಾವ. ರಾಯಣ್ಣ ಕಂಪನಿ ಸರ್ಕಾರದ ಮೇಲೆ ಎದ್ದವನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು. ಜೆಸ್ಸಿ ಮಿಸ್ಸೂರಿಯಲ್ಲಿ ಗುಲಾಮರನ್ನ ಇಟ್ಟುಕೊಂಡಿದ್ದ ಮನೆಯ ಹುಡುಗ. ಅಂತರ್ಯುದ್ಧದಲ್ಲಿ ಹದಿಹರೆಯದಲ್ಲೇ ದಕ್ಷಿಣದವರ ಕಡೆಯ ಕಾಡುಪಡೆ ಸೇರಿದ. ಯುದ್ಧ ಸೋತ ಮೇಲೆ ಬ್ಯಾಂಕು, ರೈಲು. ದೋಚಿದ್ದರಲ್ಲಿ ಬಡವರಿಗೆ ಕಾಸು ಕೊಟ್ಟಿದ್ದಕ್ಕೆ ಪುರಾವೆ ಇಲ್ಲ. ಜಾನ್ ನ್ಯೂಮನ್ ಎಡ್ವರ್ಡ್ಸ್ ಅಂತ ಒಬ್ಬ ಪತ್ರಕರ್ತ ಇದ್ದ, ಅವನು ಬರೆದೂ ಬರೆದೂ ಇವನನ್ನ ರಾಬಿನ್ ಹುಡ್ ಮಾಡಿದ. ಈ ಸಿನಿಮಾ ಮೇಲೆ ನನಗಿರೋ ದೊಡ್ಡ ತಕರಾರು ಅದೇ. ಅಷ್ಟು ನಿಧಾನವಾಗಿ ಮೋಡ, ಗೋಧಿ ಹೊಲ, ಹಿಮ ಎಲ್ಲ ತೋರಿಸೋಕೆ ಪುರುಸೊತ್ತಿದೆ. ಯುದ್ಧದಲ್ಲಿ ಇವನು ಯಾರ ಪರ ಕೋವಿ ಹಿಡಿದ ಅನ್ನೋದನ್ನ ಅಲ್ಲೊಂದು ಇಲ್ಲೊಂದು ಮಾತಲ್ಲಿ ತೇಲಿಸಿಬಿಡತ್ತೆ.

– ದರೋಡೆಕೋರನ ಸಿನಿಮಾ ಅಂತ ಕೂರಿಸಿದೆ, ಇಡೀ ಸಿನಿಮಾದಲ್ಲಿ ಒಂದೇ ದರೋಡೆ! ಅದೂ ಶುರುವಿಗೇ.

– 1881ರ ಸೆಪ್ಟೆಂಬರ್ 7, ಬ್ಲೂ ಕಟ್ ರೈಲು ದರೋಡೆ. ಸರಿಯಾಗಿ ಐದು ವರ್ಷದ ಹಿಂದೆ ಅದೇ ತಾರೀಖಿಗೆ ನಾರ್ತ್‌ಫೀಲ್ಡ್ ಅನ್ನೋ ಊರಲ್ಲಿ ಬ್ಯಾಂಕಿಗೆ ನುಗ್ಗಿ ಹಳೇ ತಂಡ ಚಿಂದಿಯಾಗಿತ್ತು. ಅಂದರೆ ಎಲ್ಲ ಮುಗಿದು ತಳ ಕೆರೆಯೋ ಹೊತ್ತಿಗೆ ಈ ಕತೆ ಶುರುವಾಗೋದು.

– ಆ ರೈಲು ಬರೋದು ಮಾತ್ರ ಭೇಷ್. ಕತ್ತಲು ಕವಿದ ಕಾಡು, ಒಂದು ದೀಪ ಬರ್ತಾ ಬರ್ತಾ ಮರಗಳ ನೆರಳನ್ನೆಲ್ಲ ತಳ್ಳಿಕೊಂಡು ಹೋಗತ್ತೆ. ಯಾರು ತೆಗೆದಿದ್ದು?

– ರಾಜರ್ ಡೀಕಿನ್ಸ್.

– ಕಪ್ಪಿನಲ್ಲಿ ಕೆಲಸ ಮಾಡೋಕೆ ಎದೆ ಬೇಕು. ನಮ್ಮಲ್ಲಿ ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿ ಉಳಿಸೋಕೆ ಮಾಲೀಕರು ದೀಪ ಕಮ್ಮಿ ಇಡು ಅನ್ನೋರು. ಆ ಬೆಳಕಲ್ಲಿ ಈ ಸಿನಿಮಾ ಹಾಕಿದ್ದರೆ ಜನ ರೇಡಿಯೋ ಕೇಳಿದಂಗೆ ಕೇಳಿಕೊಂಡು ಹೋಗಬೇಕಿತ್ತು. ಸರಿ, ರೈಲಾದ ಮೇಲೆ ಏನಾಯ್ತು ಅಂತ ಹೇಳು. ನಾನು ನಡುವೆ ತೂಕಡಿಸಿದೆ, ಸುಳ್ಳು ಹೇಳಲ್ಲ.

– ಅಲ್ಲೇ ನನ್ನ ಪಟ್ಟಿ ಹರಿದಿದ್ದು. ಜೆಸ್ಸಿಯ ಅಣ್ಣ ಫ್ರಾಂಕ್ ಸಾಕಪ್ಪಾ ಅಂತ ಹೊರಟುಹೋಗ್ತಾನೆ.

– ಮೂರನೇ ರೀಲಿಗೇ ಮಾಯ. ಮತ್ತೆ ಬರ್ತಾನೆ ಅಂತ ಕಾದೆ. ಬರಲೇ ಇಲ್ಲ.

– ಬರಲ್ಲ. ತಂಡದಲ್ಲಿ ತಲೆ ಇದ್ದವನು ಅವನೊಬ್ಬನೇ. ಅವನು ಹೋದ ಮೇಲೆ ಕತೆಗೆ ಒಂದು ದಾರಿ ಅನ್ನೋದೇ ಇರಲ್ಲ. ಎಡ್ ಮಿಲ್ಲರ್ ಒಂದು ಕಡೆ, ಡಿಕ್ ಲಿಡ್ಡಿಲ್ ಇನ್ನೊಂದು ಕಡೆ, ಜೆಸ್ಸಿಯ ಸೋದರಬಂಧು ವುಡ್ ಹೈಟ್ ಮತ್ತೊಂದು ಕಡೆ. ಎಲ್ಲಾ ಬಿಡಿಬಿಡಿ. ನೋಡಿದವರು ಬಹಳ ಜನ ಇಲ್ಲೇ ಸಿನಿಮಾ ಬಿದ್ದುಹೋಯ್ತು ಅಂತಾರೆ.

– ಬೀಳದೆ ಇನ್ನೇನು? ಒಬ್ಬನ ಹಿಂದೆ ಹೋಗೋ ಹೊತ್ತಿಗೆ ಇನ್ನೊಬ್ಬ. ಯಾರ ಕತೆ ಇದು?

– ನನಗೂ ಮೊದಲ ಸಲ ಹಾಗೇ ಅನ್ನಿಸ್ತು. ಎರಡನೇ ಸಲ ನೋಡುವಾಗ ಒಂದು ಕಾಗದದ ಮೇಲೆ ಬರೀ ಇಷ್ಟು ಬರೆದುಕೊಂಡೆ: ಯಾರು ಯಾರ ಮನೆಗೆ ಬಂದರು. ಆಗ ಕಂಡಿತು. ಜೆಸ್ಸಿ ಹೇಳದೇ ಕೇಳದೇ ಒಂದು ಮನೆಗೆ ಬರ್ತಾನೆ. ಊಟಕ್ಕೆ ಕೂರ್ತಾನೆ. ಏನೋ ಹೇಳಿ ನಗ್ತಾನೆ. ಎದುರಿಗಿದ್ದವರೂ ನಗ್ತಾರೆ. ಅವನು ಥಟ್ಟನೆ ನಗು ನಿಲ್ಲಿಸ್ತಾನೆ, ಅವರಿಗೆ ನಿಲ್ಲಿಸೋಕೆ ಒಂದು ಕ್ಷಣ ತಡವಾಗತ್ತೆ. ಆ ಒಂದು ಕ್ಷಣದಲ್ಲಿ ಅವನು ಲೆಕ್ಕ ಹಾಕಿಬಿಟ್ಟಿರ್ತಾನೆ, ಇವನು ನನ್ನನ್ನ ಮಾರಿಕೊಂಡಿದ್ದಾನೋ ಇಲ್ಲವೋ ಅಂತ. ಆಮೇಲೆ ಮುಂದಿನ ಮನೆ. ಕತೆ ದಿಕ್ಕು ತಪ್ಪಿ ಅಲೆಯೋದಲ್ಲ ಅದು. ಅನುಮಾನ ಬಂದವನು ಮನೆಮನೆ ಸುತ್ತೋ ಹಾಗೆ ಸಿನಿಮಾನೂ ಸುತ್ತತ್ತೆ.

– ಸಾಲ ವಸೂಲಿಗೆ ಬರೋನ ಹಾಗೆ. ಕಾಫಿ ಕುಡೀತಾನೆ, ಮಕ್ಕಳ ತಲೆ ಸವರ್ತಾನೆ, ಪುಸ್ತಕ ಮಾತ್ರ ಬಗಲಲ್ಲೇ ಇರತ್ತೆ.

– ಅದೇ! ಎಡ್ ಮಿಲ್ಲರ್ ಕತೆಯನ್ನಂತೂ ಒಟ್ಟಿಗೆ ಕೊಡೋದೇ ಇಲ್ಲ. ಜೆಸ್ಸಿ ಬಂದ, ಅವನು ಬೆವೆತ, ಇಬ್ಬರೂ ಕುದುರೆ ಹತ್ತಿದರು. ಅಷ್ಟಕ್ಕೆ ಬಿಟ್ಟುಬಿಡತ್ತೆ. ಎಷ್ಟೋ ಆದ ಮೇಲೆ ಉಳಿದ ತುಂಡು ಬರತ್ತೆ: ನೀನು ಮುಂದೆ ನಡಿ ಅಂತ ಕಳಿಸಿ, ಕತ್ತಲಲ್ಲಿ ಗುಂಡು ಹೊಡೆದಿದ್ದ.

– ಹಿಂದಿನಿಂದ?

– ಹಿಂದಿನಿಂದ.

– ಅವನ ಮೇಲೆ ಹಾಡು ಯಾಕೆ ಬರಲಿಲ್ಲ ಹೇಡಿ ಅಂತ?

– ಸಿನಿಮಾ ಆ ಪ್ರಶ್ನೆಯನ್ನ ಬಾಯಿಬಿಟ್ಟು ಕೇಳಲ್ಲ. ತುಂಡನ್ನ ಅಲ್ಲಿಟ್ಟು ಹೋಗತ್ತೆ, ಅಷ್ಟೇ. ನೀವು ಎತ್ತಿಕೊಂಡಿರಲ್ಲ, ಅದಕ್ಕೇ ಇಟ್ಟಿದ್ದು.

– ಸರಿ, ಇಂಟರ್ವಲ್ ಎಲ್ಲಿ? ಇಂಗ್ಲಿಷ್ ಸಿನಿಮಾಕ್ಕೆ ಇಂಟರ್ವಲ್ ಇರಲ್ಲ ಅನ್ನಬೇಡ. ನಾವೇ ಹಾಕ್ತಿದ್ದೆವು. ಮಾಲೀಕರು ಬೋಂಡಾ ಕರಿಯೋನನ್ನ ಕೇಳಿ ಹೇಳೋರು, ಎಲ್ಲಿ ಕಟ್ ಮಾಡಬೇಕು ಅಂತ. ನಾನಾದರೆ ಆ ಮಲಗೋ ಕೋಣೆಯ ಗುಂಡಿನ ಚಕಮಕಿ ಆದಕೂಡಲೇ ಹಾಕ್ತಿದ್ದೆ.

– ವುಡ್ ಹೈಟ್ ಸಾಯೋದು! ಸರಿಯಾಗಿ ಹೇಳಿದಿರಿ. ಅಷ್ಟು ಹೊತ್ತು ಬಾಬ್, ಅಂದರೆ ಈ ರಾಬರ್ಟ್ ಫೋರ್ಡ್, ಏನೂ ಅಲ್ಲ. ಅಣ್ಣ ಚಾರ್ಲಿಯ ಬಾಲ ಹಿಡಿದು ಬಂದ ಹುಡುಗ. ಮಂಚದ ಕೆಳಗೆ ಡಬ್ಬಿಯಲ್ಲಿ ಜೆಸ್ಸಿ ಮೇಲಿನ ಕಾಸಿನ ಪುಸ್ತಕಗಳನ್ನ ಬಚ್ಚಿಟ್ಟುಕೊಂಡವನು. ನಿನಗೂ ನನಗೂ ಇದು ಒಂದೇ, ಅದು ಒಂದೇ ಅಂತ ಊಟದ ಮೇಜಿನಲ್ಲಿ ಪಟ್ಟಿ ಓದಿ ನಗೆಪಾಟಲಾಗೋನು. ಆ ಕೋಣೆಯಲ್ಲಿ ಡಿಕ್, ವುಡ್ ಇಬ್ಬರೂ ಒಬ್ಬರಿಗೊಬ್ಬರು ಗುಂಡು ಹಾರಿಸಿ ಗುರಿತಪ್ಪಿ ಒದ್ದಾಡ್ತಿರುವಾಗ ಬಾಬ್ ಒಂದೇ ಗುಂಡಿಗೆ ವುಡ್‌ನ ಮುಗಿಸ್ತಾನೆ. ಅಲ್ಲಿಂದ ಕತೆ ಅವನ ಕೈಗೆ ಬಂತು. ಸತ್ತವನು ಜೆಸ್ಸಿಯ ನೆಂಟ. ಜೆಸ್ಸಿಗೆ ಗೊತ್ತಾದರೆ ಬಾಬ್ ಉಳಿಯಲ್ಲ. ಅದಕ್ಕೇ ಗವರ್ನರ್ ಕ್ರಿಟೆಂಡೆನ್ ಹತ್ತಿರ ಹೋಗಿ ಒಪ್ಪಂದ, ಅದಕ್ಕೇ ಜೆಸ್ಸಿಯ ಮನೆಯಲ್ಲೇ ವಾಸ. ಆಸೆ, ಅವಮಾನ, ಭಯ, ಜೆಸ್ಸಿ ತಲೆಗಿಟ್ಟಿದ್ದ ಬಹುಮಾನ ನಾಲ್ಕೂ ಸೇರಿದ ಮೇಲೆ ಕೊಂದಿದ್ದು. ಬರೀ ಒಂದು ಕಾರಣ ಹಿಡಿಯೋಕೆ ಹೋದರೆ ಸಿಗಲ್ಲ.

– ಆದರೆ ನನಗೆ ಒಂದು ಅರ್ಥ ಆಗಲಿಲ್ಲ. ಅಷ್ಟು ಅನುಮಾನದ ಮನುಷ್ಯ, ಸೊಂಟದ ಪಟ್ಟಿ ಬಿಚ್ಚಿ ಸೋಫಾ ಮೇಲೆ ಯಾಕಿಟ್ಟ? ಧೂಳು ಒರೆಸೋಕೆ ಅದೇ ಹೊತ್ತು ಬೇಕಿತ್ತಾ?

– ಅದು ನಿಜವಾಗಿ ನಡೆದಿದ್ದು. 1882ರ ಏಪ್ರಿಲ್ 3, ಸೇಂಟ್ ಜೋಸೆಫ್ ಊರು, ಥಾಮಸ್ ಹೊವರ್ಡ್ ಅನ್ನೋ ಸುಳ್ಳು ಹೆಸರಲ್ಲಿ ಬಾಡಿಗೆ ಮನೆ. ಪಿಸ್ತೂಲು ಬಿಚ್ಚಿಟ್ಟ, ಗೋಡೆ ಪಟ ಸರಿಮಾಡೋಕೆ ಕುರ್ಚಿ ಹತ್ತಿದ, ಹಿಂದಿನಿಂದ ಗುಂಡು. 34 ವಯಸ್ಸು. ಯಾಕೆ ಬಿಚ್ಚಿಟ್ಟ ಅಂತ ಇವತ್ತಿಗೂ ವಾದ ಇದೆ. ಡಾಮಿನಿಕ್ ಮಾಡಿದ್ದೇನು ಅಂದರೆ, ಆ ಪಟಕ್ಕೆ ಗಾಜು ಹಾಕಿಸಿದ.

– ನೋಡಿದೆ. ಗಾಜಿನಲ್ಲಿ ಹಿಂದಿರೋ ಹುಡುಗ ಕಾಣ್ತಾನೆ.

– ಜೆಸ್ಸಿಗೂ ಕಾಣ್ತಾನೆ. ಕಂಡೂ ತಿರುಗಲ್ಲ. ಬಾಬ್ ಕೈಲಿರೋ ಪಿಸ್ತೂಲನ್ನ ಎರಡು ದಿನದ ಹಿಂದೆ ಉಡುಗೊರೆ ಕೊಟ್ಟವನೂ ಜೆಸ್ಸಿಯೇ. ಮಂಜುಗಟ್ಟಿದ ಕೆರೆ ಮೇಲೆ ನಿಂತು ಕಾಲಡಿಗೆ ಗುಂಡು ಹಾರಿಸಿ ಸಾಯೋ ಮಾತಾಡಿದ್ದನಲ್ಲ, ಅದೆಲ್ಲ ಇಲ್ಲಿಗೆ ಬಂದು ಸೇರತ್ತೆ.

– ನನಗೆ ಸರಿಹೋಗಲಿಲ್ಲ ಅದು. ಸಾಯೋಕೆ ಅವನೇ ಒಪ್ಪಿದ್ದ ಅಂದುಬಿಟ್ಟರೆ ದರೋಡೆಕೋರ ಭೀಷ್ಮ ಆಗಿಬಿಟ್ಟ. ಇಚ್ಛಾಮರಣ! ಅಷ್ಟು ದೊಡ್ಡದು ಮಾಡಬೇಕಿತ್ತಾ ಅವನನ್ನ?

– ಒಪ್ಪಿದೆ. ಅಲ್ಲಿ ಸಿನಿಮಾನೂ ಹಾಡಿನ ಜೊತೆ ದನಿ ಸೇರಿಸಿಬಿಡತ್ತೆ.

– ‘ಶೋಲೆ’ ಹಾಕ್ತಿದ್ದಾಗ ಒಬ್ಬ ಡಬ್ಬಿ ಹೊರೋ ಹುಡುಗ ಹೇಳ್ತಿದ್ದ, ಇದರ ಕೊನೆ ಇದಲ್ಲ, ಗಬ್ಬರ್‌ನ ಠಾಕೂರ್ ಕಾಲಲ್ಲೇ ತುಳಿದು ಕೊಲ್ಲೋದು ಬೇರೆ ಇದೆ ಅಂತ. ಬುರುಡೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ನಿಜ. ತುರ್ತುಪರಿಸ್ಥಿತಿ ಕಾಲ, ಸೆನ್ಸಾರಿನವರು ಬಿಡಲಿಲ್ಲ, ಪೊಲೀಸರನ್ನ ಕರೆಸಿ ಕೈಕೋಳ ಹಾಕಿಸಿದರು. ರಾಮನಗರದ ಬಂಡೆ ಮೇಲೆ ಕಾನೂನು ಬಂದು ಇಳೀತು. ಕಳ್ಳನ ಕತೆಯಲ್ಲಿ ಕಳ್ಳ ಯಾರ ಕೈಲಿ ಸಾಯಬೇಕು, ಯಾವಾಗ ಸಾಯಬೇಕು ಅನ್ನೋದಕ್ಕೇ ಎಲ್ಲರ ಜಗಳ.

– ಜೆಸ್ಸಿ ಸಿನಿಮಾಗಳನ್ನ ಸಾಲಾಗಿ ಇಟ್ಟರೆ ಅದೇ ಕಾಣೋದು. 1939ರದರಲ್ಲಿ ಟೈರೋನ್ ಪವರ್ ಜೆಸ್ಸಿ. ಸಾವು ಕಟ್ಟಕಡೆಗೆ, ಆಮೇಲೆ ಸಮಾಧಿ ಹತ್ತಿರ ಒಂದು ಭಾಷಣ, ಮುಗೀತು. 1949ರಲ್ಲಿ ಸ್ಯಾಮ್ಯುಯೆಲ್ ಫುಲ್ಲರ್ ಮೊದಲನೇ ಸಿನಿಮಾ ಮಾಡಿದ, ‘ಐ ಶಾಟ್ ಜೆಸ್ಸಿ ಜೇಮ್ಸ್’. ಅದರಲ್ಲಿ ಸಾವು ಶುರುವಿಗೇ ಆಗಿಹೋಗತ್ತೆ, ಉಳಿದಿದ್ದೆಲ್ಲ ಕೊಂದವನ ಪಾಡು. ಇನ್ನೂ ಹಿಂದೆ 1921ರಲ್ಲಿ ಜೆಸ್ಸಿಯ ಮಗನೇ ಅಪ್ಪನ ಪಾತ್ರ ಹಾಕಿದ್ದ.

– ಅಪ್ಪನ ವೇಷವನ್ನಾ? ಅಪ್ಪ ಸಾಯುವಾಗ ಪಕ್ಕದ ಕೋಣೆಯಲ್ಲಿದ್ದ ಮಗುವಾ?

– ಅದೇ ಮಗು. ಡಾಮಿನಿಕ್ ಸಾವನ್ನ ಕೊನೆಗೂ ಇಡಲಿಲ್ಲ, ಮೊದಲಿಗೂ ಇಡಲಿಲ್ಲ. ಮುಕ್ಕಾಲಿಗೆ ಇಟ್ಟ. ಮೊದಲಿಗೆ ಇಟ್ಟಿದ್ದರೆ ಜೆಸ್ಸಿ ಯಾರು ಅಂತ ನಮಗೆ ಗೊತ್ತಾಗ್ತಿರಲಿಲ್ಲ, ಕೊನೆಗೆ ಇಟ್ಟಿದ್ದರೆ ಬಾಬ್ ಯಾರು ಅಂತ ಗೊತ್ತಾಗ್ತಿರಲಿಲ್ಲ. ಹಾಕಲಾ ಉಳಿದಿದ್ದನ್ನ?

– ಹಾಕು. ಅತ್ತೆಗೆ ಇನ್ನೊಂದು ಲೋಟ ಕಾಫಿ ಹೇಳಿಬಿಟ್ಟು ಬಾ.

*

– ಯಾಕೆ ಮಾವ ಸುಮ್ಮನಾಗಿಬಿಟ್ಟಿರಿ?

– ಎಷ್ಟು ಸಲ ಅಂದ ಅವನು?

– ಯಾರು?

– ಆ ಹಿನ್ನೆಲೆ ದನಿಯವನು. ನಾಟಕದಲ್ಲಿ ಬಾಬ್ ಎಷ್ಟು ಸಲ ಕೊಂದ ಅಂದ?

– ಎಂಟುನೂರಕ್ಕೂ ಮೇಲೆ.

– ನೂರು ದಿನ ಓಡಿದರೆ ನಾಲ್ಕು ಆಟದ ಲೆಕ್ಕದಲ್ಲಿ ನಾನೂರು. ಎರಡು ಶತದಿನೋತ್ಸವ ಆಯ್ತು. ಅಷ್ಟು ಸಲ ಒಬ್ಬನೇ ಒಬ್ಬನನ್ನ ನಾನೂ ಸಾಯಿಸಿದೀನಿ ಕಣೇ. ಆ ಹೊತ್ತಿಗೆ ಬಾಲ್ಕನಿಯಲ್ಲಿ ಹೆಂಗಸರು ಮೂಗೊರೆಸೋ ಸದ್ದು ಕ್ಯಾಬಿನ್ನಿಗೆ ಕೇಳೋದು. ನಾನು ಒಂದು ಸಲವೂ ನೋಡಿಲ್ಲ.

– ನೋಡಿಲ್ಲ ಅಂದರೆ?

– ಸಾವು ರೀಲಿನ ಕೊನೆಗೆ ಬರ್ತಿತ್ತು. ರೀಲು ಮುಗಿಯೋ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚತ್ತೆ, ಆಗ ಎರಡನೇ ಮಿಷನ್ನಿನ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ, ಆಗ ಬದಲಾಯಿಸಬೇಕು. ಕಿಂಡಿಗೆ ಕಣ್ಣಿಟ್ಟು ಆ ಮೂಲೆ ಒಂದನ್ನೇ ನೋಡ್ತಿದ್ದೆ. ಕೆಳಗಡೆ ಅವನು ಸಾಯ್ತಿದ್ದ. ನಾಟಕದಲ್ಲಿ ಆ ಬಾಬ್ ಮುಖ ನೋಡು, ಹಾಗೇ ಇದೆ. ಮುಂದೇನು ಮಾಡಬೇಕು ಅನ್ನೋದರ ಮೇಲೇ ಗಮನ.

– ನಾನು ಆ ದೃಶ್ಯವನ್ನ ಬೇರೆ ಥರ ಬರೆದುಕೊಂಡಿದ್ದೆ. ಸ್ವಲ್ಪ ಮುಂಚೆ ನಿಜವಾಗಿ ನೋಡಿದ ಮನೆ, ಅದೇ ಕುರ್ಚಿ, ಅದೇ ಪಟ. ಈಗ ಬಣ್ಣ ಬಳಿದ ರಂಗಸಜ್ಜಿಕೆ. ಅಣ್ಣ ಚಾರ್ಲಿ ಜೆಸ್ಸಿ ಪಾತ್ರ, ಬಾಬ್‌ಗೆ ಬಾಬ್ ಪಾತ್ರ. ಮೊದಲ ಎರಡು ಗಂಟೆಯನ್ನ ಎರಡು ನಿಮಿಷಕ್ಕೆ ಇಳಿಸಿ ಮತ್ತೆ ಹಾಕಿದ ಹಾಗೆ. ಇಷ್ಟು ನಿಧಾನವಾಗಿ ನಾವು ಕಂಡಿದ್ದನ್ನ ಜನ ಎಷ್ಟು ಬೇಗ ಕಂಡು ಮುಗಿಸಿದರು ಅಂತ ತೋರಿಸೋದು.

– ಆಮೇಲೆ ಒಬ್ಬ ಹೇಡಿ ಅಂತ ಕೂಗ್ತಾನೆ. ಅವನು ಅಲ್ಲಿರಲೇ ಇಲ್ಲ, ನೋಡಲೇ ಇಲ್ಲ. ಟಿಕೆಟ್ ತಗೊಂಡು ಬಂದಿದ್ದು ಕೂಗೋಕೆ.

– ಕಾಲದ ಲೆಕ್ಕ ನೋಡಿ ಮಾವ. ದರೋಡೆಯಿಂದ ಕೊಲೆವರೆಗೆ ಏಳು ತಿಂಗಳೂ ಇಲ್ಲ, ಅದಕ್ಕೆ ಎರಡು ಗಂಟೆ. ಕೊಲೆಯಿಂದ ಬಾಬ್ ಸಾಯೋವರೆಗೆ ಹತ್ತು ವರ್ಷ, ಅದಕ್ಕೆ ಅರ್ಧ ಗಂಟೆ ಚಿಲ್ಲರೆ. ಎಲ್ಲ ದಡದಡನೆ ಬರತ್ತೆ. ತಪ್ಪೊಪ್ಪಿಗೆ, ಗಲ್ಲುಶಿಕ್ಷೆ, ಅದೇ ದಿನ ಗವರ್ನರ್ ಕೊಟ್ಟ ಕ್ಷಮಾದಾನ. ಬಹುಮಾನದಲ್ಲಿ ಇವರ ಕೈಗೆ ಬಂದಿದ್ದು ಒಂದು ಪಾಲು ಮಾತ್ರ. 1884ರಲ್ಲಿ ಚಾರ್ಲಿ ಗುಂಡು ಹೊಡೆದುಕೊಂಡ.

– ಪಾಪ, ಅವನು ನಾಟಕದಲ್ಲಿ ದಿನಾ ಜೆಸ್ಸಿಯಾಗಿ ಸತ್ತು ಸತ್ತು ನಡಿಗೆ, ದನಿ ಎಲ್ಲ ಜೆಸ್ಸಿಯದೇ ಬಂದುಬಿಟ್ಟಿತ್ತು. ಹುಡುಗ ಜೆಸ್ಸಿ ಥರ ಆಗಬೇಕು ಅಂತ ಹಂಬಲಿಸಿದ, ಆಗಿದ್ದು ಅಣ್ಣ. ಈ ಹುಡುಗನ ಪಾತ್ರ ಮಾಡಿದವನು ಯಾರು? ಇವನೇ ಅಲ್ಲವಾ ಹೀರೋ?

– ಕೇಸಿ ಅಫ್ಲೆಕ್. ಹೀರೋ ಯಾರು ಅನ್ನೋ ಗೊಂದಲ ಪ್ರಶಸ್ತಿ ಕೊಡೋರಿಗೂ ಆಯ್ತು. ವೆನಿಸ್‌ನಲ್ಲಿ ಪಿಟ್‌ಗೆ ಶ್ರೇಷ್ಠ ನಟ ಅಂತ ಕೊಟ್ಟರು. ಆಸ್ಕರ್‌ಗೆ ಅಫ್ಲೆಕ್ ಹೆಸರು ಹೋಯ್ತು, ಪೋಷಕ ನಟ ಅಂತ.

– ಪೋಷಕ ನಟ! ಹದಿನಾಲ್ಕೂವರೆ ರೀಲಿನಲ್ಲೂ ಇದ್ದಾನಲ್ಲೇ ಅವನು!

– ಸತ್ತ ಮೇಲೂ ಜೆಸ್ಸಿ ಅವನಿಗೆ ಜಾಗ ಬಿಡಲಿಲ್ಲ. ದುಡ್ಡೂ ಬರಲಿಲ್ಲ ಬಿಡಿ, ಮೂರು ಕೋಟಿ ಡಾಲರ್ ಹಾಕಿದರು, ಅದರ ಅರ್ಧ ಬಂತು.

– ನಮ್ಮೂರಲ್ಲಾಗಿದ್ದರೆ ಮೂರನೇ ದಿನ ಡಬ್ಬಿ ವಾಪಸ್ಸು.

– ಹೋಟೆಲಲ್ಲಿ ಗಿಟಾರ್ ಹಿಡಿದು ಹಾಡೋನನ್ನ ಗಮನಿಸಿದಿರಾ? ಅವನು ನಿಕ್ ಕೇವ್. ವಾರೆನ್ ಎಲ್ಲಿಸ್ ಜೊತೆ ಇಡೀ ಸಿನಿಮಾಕ್ಕೆ ಸಂಗೀತ ಕೊಟ್ಟವನು. ಶುರುವಿನಲ್ಲಿ ನಾನು ಹೇಳಿದ ಲಾವಣಿ ಅದೇ. ಅದರಲ್ಲಿ ಹೇಡಿ ಅನಿಸಿಕೊಂಡವನು ಎದುರಿಗೇ ಕೂತಿದ್ದಾನೆ, ಹಾಡೋನಿಗೆ ಗೊತ್ತಿಲ್ಲ. ಹೆಸರಿನಲ್ಲಿ ಓದಿದ ತೀರ್ಪು ಇಲ್ಲಿ ಆರೋಪಿಯ ಕಿವಿಗೆ ಬೀಳತ್ತೆ. ನನಗೆ ಕ್ಲೈಮ್ಯಾಕ್ಸ್ ಅಂದರೆ ಇದು, ಕುರ್ಚಿಯಲ್ಲ.

– ಹಾಗಂತ ಬರೆದರೆ ನಿನ್ನ ಮೇಷ್ಟ್ರು ಒಪ್ತಾರಾ?

– ಒಪ್ಪಲ್ಲ. ಮುಖ್ಯ ಪಾತ್ರದ ಸಾವೇ ಕ್ಲೈಮ್ಯಾಕ್ಸ್ ಅಂತಾರೆ. ಯಾವ ಮುಖ್ಯ ಪಾತ್ರ ಸಾರ್ ಅಂತ ಕೇಳ್ತೀನಿ. 1892ರಲ್ಲಿ ಕ್ರೀಡ್ ಅನ್ನೋ ಗಣಿ ಊರಲ್ಲಿ ಬಾಬ್‌ನ ಕೊಂದ ಓಕೆಲ್ಲಿಯನ್ನ ಬಿಡಿಸೋಕೆ ಏಳು ಸಾವಿರ ಜನ ಸಹಿ ಹಾಕಿದರು, 1902ರಲ್ಲಿ ಬಿಟ್ಟೂಬಿಟ್ಟರು ಅಂತ ಆ ದನಿ ಹೇಳತ್ತಲ್ಲ. ಆ ಸಹಿ ಹಾಕಿದವರು, ನಾಟಕದಲ್ಲಿ ಕೂಗಿದವನು, ಹಾಡಿದವನು. ಅವರದೂ ಒಂದು ಪಾತ್ರ ಇದರಲ್ಲಿ, ಮೊದಲನೇ ನಿಮಿಷದಿಂದ. ಆ ಹಿನ್ನೆಲೆ ದನಿ ಅಷ್ಟು ತಣ್ಣಗೆ, ಎಲ್ಲ ಆಗಿಹೋದ ಮೇಲೆ ಹೇಳೋ ಹಾಗೆ ಮಾತಾಡೋದೂ ಅದಕ್ಕೇ.

– ಕೊನೆಗೆ ಚಿತ್ರ ನಿಂತುಬಿಡ್ತಲ್ಲ ಬಾಬ್ ಮೇಲೆ, ನನ್ನ ಕೈ ನೋಡಿದೆಯಾ ಆಗ?

– ಕಾಫಿ ಲೋಟ ಬೀಳಿಸ್ತಿದ್ದಿರಿ.

– ಮುಚ್ಚಳ ಎಳೆಯೋಕೆ ಹೋಯ್ತು ಕೈ. ಮಿಷನ್ನಿನಲ್ಲಿ ಫಿಲ್ಮು ಸಿಕ್ಕಿಕೊಂಡು ಚಿತ್ರ ನಿಂತರೆ ದೀಪದ ಮುಚ್ಚಳ ಎಳೆಯಬೇಕು, ಇಲ್ಲದಿದ್ದರೆ ಕಾರ್ಬನ್ ಬೆಂಕಿಯ ಕಾವಿಗೆ ಅದು ಅಲ್ಲೇ ಸುಡತ್ತೆ. ನಡುವೆ ಒಂದು ಕಂದು ಚುಕ್ಕಿ ಏಳತ್ತೆ, ನೋಡ್ತಾ ನೋಡ್ತಾ ಮು‌ಖವೆಲ್ಲ ತಿಂದುಹಾಕತ್ತೆ. ಜನ ಕುರ್ಚಿ ಮೇಲೆ ಹತ್ತಿ ಬಯ್ಯೋರು.

– ಇದು ಬೇಕಂತಲೇ ನಿಲ್ಲಿಸಿದ್ದು ಮಾವ.

– ಗೊತ್ತು. ಅಂಥದ್ದೂ ಹಾಕಿದೀನಿ ನಾನು. ಅದು ನಿಂತಿರಲ್ಲ ಕಣೇ. ಒಂದೇ ಚಿತ್ರವನ್ನ ಸಾಲಾಗಿ ಪ್ರಿಂಟ್ ಹಾಕಿರ್ತಾರೆ. ಕೆಳಗೆ ಕೂತವರಿಗೆ ನಿಂತ ಹಾಗೆ ಕಾಣತ್ತೆ, ಮೇಲೆ ನನ್ನ ಕೈಯಡಿ ಫಿಲ್ಮು ಸೆಕೆಂಡಿಗೆ ಇಪ್ಪತ್ನಾಲ್ಕರಂತೆ ಓಡ್ತಾನೇ ಇರತ್ತೆ, ಟರ್ರ್ ಅಂತ. ಅವನದೇ ಮುಖ, ಅವನದೇ ಮುಖ, ಅವನದೇ ಮುಖ. ಸ್ವಲ್ಪ ಹಿಂದಕ್ಕೆ ತಗೊಂಡು ಹೋಗು ಅದನ್ನ.

– ಎಲ್ಲಿಗೆ, ಕುರ್ಚಿ ಹತ್ತೋದಕ್ಕಾ?

– ಬೇಡ. ಆ ನಾಟಕಕ್ಕೆ. ಈ ಸಲ ಮೂಲೆ ಬಿಟ್ಟು ನಡುವೆ ನೋಡ್ತೀನಿ.